ತುಂಬಿದ ಮೇಲೆ ಆ ಪುಡಿ ಎಲ್ಲಿಗೆ ಹೋಗತ್ತೆ? ಪೀಣ್ಯದ ಹಳದಿ ನೀರಿನ ಲೆಕ್ಕ

ಕ್ರೋಮ್ ಪ್ಲೇಟಿಂಗ್ ಶೆಡ್ ಒಳಗೆ ಒಂದ್ಸಲ ನಿಂತು ನೋಡಿದವರಿಗೆ ಆ ಹಳದಿ ಬಣ್ಣ ಮರೆಯಲ್ಲ. ನಾನು ಎಂಎಸ್ಸಿ ಓದ್ತಿದ್ದಾಗ ನೀರಲ್ಲಿ ಕರಗಿರೋ ಕ್ರೋಮಿಯಂ ಹಿಡಿಯೋ ಒಂದು ಪುಡಿಯ ಪ್ರಾಜೆಕ್ಟಿಗೆ ನಿಜವಾದ ಫ್ಯಾಕ್ಟರಿ ನೀರು ಬೇಕಿತ್ತು, ಪರಿಚಯದವರೊಬ್ರು ಹೇಳಿ ಪೀಣ್ಯದ ಒಂದು ಸಣ್ಣ ಯೂನಿಟ್ಟಿಗೆ ಕಳಿಸಿದ್ರು. ಹೈಡ್ರಾಲಿಕ್ ರಾಡುಗಳಿಗೆ ಹಾರ್ಡ್ ಕ್ರೋಮ್ ಹಾಕೋ ಜಾಗ. ಕಾಕಂಬಿ ಥರ ಕಡುಗೆಂಪಾಗಿರೋ ಬಿಸಿ ಬಾತಿನಿಂದ, ಅಂದ್ರೆ ಕ್ರೋಮ್ ದ್ರಾವಣದ ತೊಟ್ಟಿಯಿಂದ, ರಾಡನ್ನ ಮೇಲೆತ್ತಿದಾಗ ಅದರ ಮೈಯಿಂದ ದ್ರಾವಣ ತೊಟತೊಟ ಸೋರ್ತಿತ್ತು, ಹಂಗೇ ಪಕ್ಕದ ತೊಟ್ಟಿಯ ನೀರಲ್ಲಿ ಅದ್ದಿ ತೆಗೀತಿದ್ರು. ಬೆಳಗ್ಗೆ ನಿಂಬೆ ಪಾನಕದ ಬಣ್ಣ ಇದ್ದ ಆ ತೊಟ್ಟಿ ಮಧ್ಯಾಹ್ನದ ಹೊತ್ತಿಗೆ ಅರಿಶಿನ ಕದಡಿದ ಹಾಗೆ ಆಗಿತ್ತು. ನಾನು ಬಾಟಲಿ ಹಿಡ್ಕೊಂಡು ಬಗ್ಗಿದಾಗ ಅಲ್ಲಿದ್ದ ಹಿರಿಯ ಕೆಲಸಗಾರರು "ಗ್ಲೌಸ್ ಇಲ್ದೆ ಮುಟ್ಬೇಡಿ ಮೇಡಂ" ಅಂತ ತಮ್ಮ ಕೈ ತೋರಿಸಿದ್ರು. ಬೆರಳ ಸಂದಿಯಲ್ಲಿ ಪೆನ್ಸಿಲ್ಲಿನ ಹಿಂಬದಿ ಒತ್ತಿ ಇಟ್ಟ ಹಾಗೆ ಗುಂಡಗೆ ಗುಳಿ. ಕ್ರೋಮ್ ಹುಣ್ಣು ಅಂತಾರೆ, ವಾಸಿ ಆಗೋದು ತುಂಬಾ ನಿಧಾನ. ಈ ಕೆಲಸದಲ್ಲಿ ವರ್ಷಗಟ್ಟಲೆ ಹಬೆ ಕುಡಿದವರಿಗೆ ಮೂಗಿನ ಎರಡು ಹೊಳ್ಳೆಗಳ ನಡುವಿನ ಗೋಡೆಯೇ ತೂತು ಬೀಳತ್ತೆ ಅನ್ನೋದು ವೈದ್ಯಕೀಯ ಪುಸ್ತಕಗಳಲ್ಲಿ ನೂರು ವರ್ಷದಿಂದ ಇರೋ ವಿಷಯ.

ಆ ಸೋರೋ ಹನಿಯ ಲೆಕ್ಕ ಒಂದ್ಸಲ ಹಾಕಿ ನೋಡೋಣ, ಯಾಕಂದ್ರೆ ಇಡೀ ಸಮಸ್ಯೆ ಅದ್ರಲ್ಲೇ ಇದೆ. ಸಾಮಾನ್ಯವಾಗಿ ಕ್ರೋಮ್ ಬಾತಿನಲ್ಲಿ ಲೀಟರಿಗೆ ಸುಮಾರು 250 ಗ್ರಾಂ ಕ್ರೋಮಿಕ್ ಆಸಿಡ್ ಇರತ್ತೆ, ಅದರಲ್ಲಿ ಶುದ್ಧ ಕ್ರೋಮಿಯಂ ಅಂದ್ರೆ 130 ಗ್ರಾಂ. ಕುಡಿಯೋ ನೀರಿಗೆ ನಮ್ಮ ಬಿಐಎಸ್ ಸ್ಟ್ಯಾಂಡರ್ಡ್ ಐಎಸ್ 10500 ಇಟ್ಟಿರೋ ಮಿತಿ ಲೀಟರಿಗೆ 0.05 ಮಿಲಿಗ್ರಾಂ. ಭಾಗಿಸಿದ್ರೆ 26 ಲಕ್ಷ ಬರತ್ತೆ. ಅಂದ್ರೆ ಒಂದೇ ಒಂದು ಲೀಟರ್ ಬಾತ್ ನೆಲಕ್ಕೆ ಇಳಿದ್ರೆ 26 ಲಕ್ಷ ಲೀಟರ್ ನೀರನ್ನ ಮಿತಿಗೆ ತಂದು ನಿಲ್ಲಿಸೋ ಶಕ್ತಿ ಅದಕ್ಕಿದೆ, 12,000 ಲೀಟರಿನ ಟ್ಯಾಂಕರ್ ಲೆಕ್ಕದಲ್ಲಿ ಇನ್ನೂರಕ್ಕೂ ಹೆಚ್ಚು ಲೋಡು. 2024ರ ಬೇಸಿಗೇಲಿ ಬೆಂಗಳೂರಲ್ಲಿ ಒಂದು ಟ್ಯಾಂಕರಿಗೆ ಜನ ಹೇಗೆ ಕಾದು ಕೂತಿದ್ರು ಅಂತ ನೆನಪಿರೋರಿಗೆ ಈ ಸಂಖ್ಯೆ ಏನು ಹೇಳ್ತಿದೆ ಅಂತ ಗೊತ್ತಾಗತ್ತೆ.

ಪೀಣ್ಯ 1970ರ ದಶಕದಲ್ಲಿ ಶುರುವಾದ ಕೈಗಾರಿಕಾ ಪ್ರದೇಶ, ಸಾವಿರಾರು ಸಣ್ಣ ಘಟಕಗಳಿವೆ, ಅದರಲ್ಲಿ ಪ್ಲೇಟಿಂಗ್, ಪೌಡರ್ ಕೋಟಿಂಗ್, ಬಟ್ಟೆಗೆ ಬಣ್ಣ ಹಾಕೋವು ಎಲ್ಲ ಸೇರಿವೆ. ಅಲ್ಲಿನ ಬೋರ್‌ವೆಲ್ ನೀರಲ್ಲಿ ಹೆಕ್ಸಾವೇಲೆಂಟ್ ಕ್ರೋಮಿಯಂ, ಅಂದ್ರೆ ಅದರ ವಿಷದ ಹಳದಿ ರೂಪ, ಸಿಕ್ಕಿದೆ ಅನ್ನೋದು ಗಾಳಿಸುದ್ದಿ ಅಲ್ಲ, ಸರ್ಕಾರಿ ಇಲಾಖೆಗಳ ಅಂತರ್ಜಲ ವರದಿಗಳಲ್ಲೇ ದಾಖಲಾಗಿರೋದು. ಆ ಕಡೆಯ ಮೋರಿ ನೀರಿನ ಬಹುಪಾಲು ವೃಷಭಾವತಿ ಕಣಿವೆಗೆ ಸೇರತ್ತೆ, ಅಲ್ಲಿಂದ ಕೆಂಗೇರಿ, ಬಿಡದಿ ಹತ್ರದ ಬೈರಮಂಗಲ ಕೆರೆ, ಆಮೇಲೆ ಅರ್ಕಾವತಿ, ಕೊನೆಗೆ ಸಂಗಮದಲ್ಲಿ ಕಾವೇರಿ. ಬೈರಮಂಗಲದ ಸುತ್ತಮುತ್ತ ಆ ನೀರಲ್ಲೇ ಸೊಪ್ಪು, ತರಕಾರಿ, ಹಸುವಿಗೆ ಮೇವಿನ ಹುಲ್ಲು ಬೆಳೆದಿದ್ದಾರೆ, ಅದು ಮತ್ತೆ ನಮ್ಮ ಸಿಟಿ ಅಡುಗೆಮನೆಗೇ ಬರತ್ತೆ.

ಕ್ರೋಮಿಯಂ ಅಂದ್ರೆ ಪೂರ್ತಿ ವಿಷ ಅಂತಲ್ಲ, ಇಲ್ಲಿ ಒಂದು ಮುಖ್ಯ ವಿಷಯ ಅರ್ಥ ಮಾಡ್ಕೋಬೇಕು. ಅದಕ್ಕೆ ಎರಡು ರೂಪ. ಟ್ರೈವೇಲೆಂಟ್ ಅನ್ನೋದು ಹಸಿರು, ನೀರಲ್ಲಿ ಸುಲಭಕ್ಕೆ ಕರಗಲ್ಲ, ಸುಣ್ಣ ಹಾಕಿದ್ರೆ ಕೆಳಗೆ ಕೂರತ್ತೆ, ಅದರ ವಿಷ ತುಂಬಾ ಕಮ್ಮಿ. ಹೆಕ್ಸಾವೇಲೆಂಟ್ ಅನ್ನೋದು ಹಳದಿ, ನೀರಲ್ಲಿ ಸಕ್ಕರೆ ಹಂಗೆ ಕರಗಿ ಮಣ್ಣಿನ ಒಳಗೆ ನೀರು ಹೋದ ಕಡೆ ಎಲ್ಲ ಹೋಗತ್ತೆ, ಅದರ ಆಕಾರ ಸಲ್ಫೇಟಿನ ಥರ ಇರೋದ್ರಿಂದ ನಮ್ಮ ಜೀವಕೋಶಗಳು ಸಲ್ಫೇಟ್ ಅನ್ಕೊಂಡು ಬಾಗಿಲು ತೆಗೆದು ಒಳಗೆ ಬಿಟ್ಕೊಳ್ತಾವೆ, ಒಳಗೆ ಹೋದ್ಮೇಲೆ ಅದು ಡಿಎನ್‌ಎ ಹಾಳು ಮಾಡತ್ತೆ. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಏಜೆನ್ಸಿ 1990ರಲ್ಲೇ ಇದನ್ನ ಮನುಷ್ಯರಿಗೆ ಕ್ಯಾನ್ಸರ್ ತರೋ ವಸ್ತುಗಳ ಮೊದಲ ಗುಂಪಿಗೆ ಸೇರಿಸಿದೆ. ಅದಕ್ಕೇ ಫ್ಯಾಕ್ಟರಿಯಿಂದ ಹೊರಗೆ ಬಿಡೋ ನೀರಿಗೂ ಎರಡು ಬೇರೆ ಬೇರೆ ಮಿತಿ ಇರೋದು. ಒಟ್ಟು ಕ್ರೋಮಿಯಂ ಲೀಟರಿಗೆ 2 ಮಿಲಿಗ್ರಾಂ ತನಕ ಇರಬಹುದು, ಆದ್ರೆ ಹೆಕ್ಸಾವೇಲೆಂಟ್ 0.1 ದಾಟೋ ಹಾಗಿಲ್ಲ.

ಹಳೇ ವಿಧಾನ ಒಂದಿದೆ, ಇವತ್ತಿಗೂ ಬಹುತೇಕ ಕಡೆ ನಡೆಯೋದು ಅದೇ. ಹಳದಿ ನೀರಿಗೆ ಸಲ್ಫ್ಯೂರಿಕ್ ಆಸಿಡ್ ಹಾಕಿ ಪಿಎಚ್ (ನೀರಿನ ಹುಳಿ ಅಳೆಯೋ ಸಂಖ್ಯೆ, ಕಮ್ಮಿ ಇದ್ದಷ್ಟೂ ಹುಳಿ ಜಾಸ್ತಿ) ಎರಡು ಮೂರಕ್ಕೆ ಇಳಿಸ್ತಾರೆ, ಆಮೇಲೆ ಸೋಡಿಯಂ ಮೆಟಾಬೈಸಲ್ಫೈಟ್ ಸುರೀತಾರೆ, ಬೆಂಕಿಕಡ್ಡಿ ಗೀರಿದಾಗ ಬರೋ ಘಾಟು ಮೂಗಿಗೆ ಹೊಡೆಯತ್ತೆ, ನೋಡ್ತಾ ನೋಡ್ತಾ ನೀರು ಹಳದಿಯಿಂದ ಹಸಿರಿಗೆ ತಿರುಗತ್ತೆ. ಆಮೇಲೆ ಸುಣ್ಣ ಅಥವಾ ಕಾಸ್ಟಿಕ್ ಹಾಕಿ ಪಿಎಚ್ ಎಂಟು ಒಂಬತ್ತಕ್ಕೆ ಏರಿಸಿದ್ರೆ ಹಸಿರು ಗಸಿ ಕೆಳಗೆ ಕೂರತ್ತೆ, ಅದನ್ನ ಫಿಲ್ಟರ್ ಪ್ರೆಸ್ಸಿಗೆ ಕೊಟ್ಟು ಹಿಂಡಿ, ಆ ಸ್ಲಡ್ಜನ್ನ ಅಪಾಯಕಾರಿ ತ್ಯಾಜ್ಯ ಹೂಳೋ ಜಾಗಕ್ಕೆ ಕಳಿಸಬೇಕು, ನಮ್ಮ ಕಡೆಗೆ ಅದು ದಾಬಸ್‌ಪೇಟೆಯಲ್ಲಿದೆ. ಈ ವಿಧಾನ ಕೆಟ್ಟದ್ದಲ್ಲ, ಇದನ್ನ ಸರಿಯಾಗಿ ಮಾಡಿದ್ರೆ ಹೆಕ್ಸಾವೇಲೆಂಟ್ ಹೆಚ್ಚುಕಮ್ಮಿ ಪೂರ್ತಿ ಹೋಗತ್ತೆ. ಸರಿಯಾಗಿ ಮಾಡೋದು ಅನ್ನೋದೇ ಕಷ್ಟ. ಹತ್ತು ಜನ ಕೆಲಸ ಮಾಡೋ ಶೆಡ್ಡಲ್ಲಿ ಪಿಎಚ್ ನೋಡ್ಕೊಂಡು ಕೂರೋಕೆ ಬೇರೆ ಆಳಿಲ್ಲ, ಮೀಟರ್ ಕೆಟ್ಟು ತಿಂಗಳಾಗಿರತ್ತೆ, ಆಸಿಡ್ ಸ್ವಲ್ಪ ಕಮ್ಮಿ ಬಿದ್ರೆ ರಿಯಾಕ್ಷನ್ ನಿಧಾನ ಆಗಿ ಅರ್ಧಂಬರ್ಧ ಉಳಿಯತ್ತೆ, ಕಣ್ಣಿಗೆ ಹಸಿರಾಗೇ ಕಂಡ್ರೂ ಒಳಗೆ ಹಳದಿ ಇನ್ನೂ ಇರತ್ತೆ. ಲ್ಯಾಬಲ್ಲಿ ಡೈಫಿನೈಲ್ ಕಾರ್ಬಜೈಡ್ ಅನ್ನೋ ದ್ರಾವಣ ಎರಡು ಹನಿ ಹಾಕಿದಾಗ ಕೆನ್ನೇರಳೆ ಬಣ್ಣ ಬರತ್ತಲ್ಲ, ಆಗ್ಲೇ ಗೊತ್ತಾಗೋದು.

ಈ ಉಳಿಕೆಗೆ ಮತ್ತು ಆಗಲೇ ನೆಲಕ್ಕಿಳಿದಿರೋ ವಿಷಕ್ಕೆ ಪರಿಹಾರ ಅಂತ ಕಳೆದ ಇಪ್ಪತ್ತು ಮೂವತ್ತು ವರ್ಷದಿಂದ ಪ್ರಪಂಚದ ತುಂಬಾ ಲ್ಯಾಬುಗಳಲ್ಲಿ ನಡೀತಿರೋ ಕೆಲಸವೇ ಮಾರ್ಪಡಿಸಿದ ವಸ್ತುಗಳು. ತೆಂಗಿನ ಕರಟದ ಇದ್ದಿಲು, ತೆಂಗಿನ ನಾರಿನ ಪುಡಿ, ಅಡಿಕೆ ಸಿಪ್ಪೆ, ಕಾಫಿ ಹೊಟ್ಟು, ಭತ್ತದ ಹೊಟ್ಟು, ಸೀಗಡಿ ಚಿಪ್ಪಿಂದ ತೆಗೆಯೋ ಕೈಟೋಸಾನ್, ಬೆಂಟೊನೈಟ್ ಜೇಡಿ, ಜಿಯೊಲೈಟ್, ಕಬ್ಬಿಣದ ನ್ಯಾನೊ ಕಣ, ಯಾವುದನ್ನ ಬಿಟ್ಟಿಲ್ಲ ಹೇಳಿ. ಕೆಲಸದ ತತ್ವಕ್ಕೆ ಅಡ್ಸಾರ್ಪ್ಶನ್ ಅಂತಾರೆ. ಸ್ಪಂಜು ನೀರು ಹೀರಿದ ಹಾಗಲ್ಲ ಇದು, ಗೋಡೆಗೆ ಧೂಳು ಅಂಟಿದ ಹಾಗೆ, ಮೇಲ್ಮೈ ಎಷ್ಟಿದೆಯೋ ಅಷ್ಟು ಅಂಟತ್ತೆ. ಒಳ್ಳೇ ಆಕ್ಟಿವೇಟೆಡ್ ಕಾರ್ಬನ್ನಿನ ಒಂದು ಗ್ರಾಂ ಒಳಗೆ ಸಾವಿರ ಚದರ ಮೀಟರ್ ಮೇಲ್ಮೈ ಮಡಚಿ ಕೂತಿರತ್ತೆ, 30×40 ಸೈಟು 111 ಚದರ ಮೀಟರ್ ಅನ್ನೋ ಲೆಕ್ಕದಲ್ಲಿ ಒಂಬತ್ತು ಸೈಟು ಒಂದು ಚಿಟಿಕೆ ಇದ್ದಿಲಲ್ಲಿ.

ಮತ್ತೆ ಮಾರ್ಪಾಡು ಯಾಕೆ ಬೇಕು? ಹಳ್ಳಿ ಮನೆಗಳಲ್ಲಿ ಮಣ್ಣುನೀರು ತಿಳಿಯಾಗ್ಲಿ ಅಂತ ಚಿಲ್ಲದ ಬೀಜ ತೇಯ್ದು ಹಾಕ್ತಿದ್ರು, ಮರಳು ಇದ್ದಿಲು ತುಂಬಿದ ಮಡಕೆಯಲ್ಲಿ ನೀರು ಸೋಸ್ತಿದ್ರು, ಅದು ಕೆಸರಿಗೆ, ವಾಸನೆಗೆ ಸರಿಹೋಗ್ತಿತ್ತು. ಕರಗಿರೋ ಲೋಹಕ್ಕೆ ಅದು ಸಾಲಲ್ಲ. ಅದ್ರಲ್ಲೂ ಕ್ರೋಮಿಯಂ ವಿಚಿತ್ರ. ನಿಕ್ಕಲ್, ಸತು, ತಾಮ್ರ, ಸೀಸ ಇವೆಲ್ಲ ನೀರಲ್ಲಿ ಪಾಸಿಟಿವ್ ಚಾರ್ಜ್ ಹೊತ್ತು ಓಡಾಡ್ತಾವೆ, ಜೇಡಿಮಣ್ಣಿನ ಮೈ ನೆಗೆಟಿವ್, ಹಾಗಾಗಿ ಅವು ಸುಮ್ನೆ ಹೋಗಿ ಅಂಟ್ಕೊಳ್ತಾವೆ. ಆದ್ರೆ ಹೆಕ್ಸಾವೇಲೆಂಟ್ ಕ್ರೋಮಿಯಂ ಆಕ್ಸಿಜನ್ ಜೊತೆ ಸೇರಿ ಕ್ರೋಮೇಟ್ ಆಗಿ ತಾನೇ ನೆಗೆಟಿವ್ ಆಗಿರತ್ತೆ, ಎರಡು ಅಯಸ್ಕಾಂತದ ಒಂದೇ ಕಡೆ ಎದುರುಬದುರು ಹಿಡಿದ ಹಾಗೆ ದೂರ ತಳ್ಳತ್ತೆ. ಮಾರ್ಪಾಡು ಅಂದ್ರೆ ಆ ಮೈಯನ್ನ ಪಾಸಿಟಿವ್ ಮಾಡೋದು, ಅಥವಾ ಕ್ರೋಮೇಟನ್ನ ಹಿಡಿದು ಹಸಿರು ರೂಪಕ್ಕೆ ತಿರುಗಿಸೋ ಏನೋ ಒಂದನ್ನ ಅಲ್ಲಿ ಕೂರಿಸೋದು. ಜೇಡಿಗೆ ಸಿಟಿಎಬಿ ಥರದ ಸೋಪಿನಂತ ರಾಸಾಯನಿಕ ಹಚ್ತಾರೆ. ಇದ್ದಿಲನ್ನ ಫೆರಿಕ್ ಕ್ಲೋರೈಡಲ್ಲಿ ನೆನೆಹಾಕಿ ಸುಟ್ಟು ಕಬ್ಬಿಣದ ಪದರ ಕೂರಿಸ್ತಾರೆ, ಮ್ಯಾಗ್ನೆಟ್ ಹಿಡಿದ್ರೆ ಪುಡಿಯೆಲ್ಲ ಒಂದು ಕಡೆ ಸೇರೋ ಹಾಗೂ ಮಾಡ್ತಾರೆ. ನಾರಿನ ಮೇಲೆ ಸಾರಜನಕ ಇರೋ ಅಮೀನ್ ಗುಂಪುಗಳನ್ನ ಕಸಿ ಕಟ್ಟಿದ ಹಾಗೆ ಜೋಡಿಸ್ತಾರೆ, ಆಸಿಡ್ ನೀರಲ್ಲಿ ಆ ಅಮೀನ್ ಪಾಸಿಟಿವ್ ಆಗಿ ಕ್ರೋಮೇಟನ್ನ ಎಳ್ಕೊಳ್ಳತ್ತೆ. ಕೇಳೋಕೆ ಚೆನ್ನಾಗಿದೆ, ಕೆಲಸವೂ ಮಾಡತ್ತೆ, ನಾನೇ ಕಣ್ಣಾರೆ ನೋಡಿದೀನಿ.

ನನ್ನ ಪ್ರಾಜೆಕ್ಟು ತೆಂಗಿನ ನಾರಿನ ಪುಡಿ ಮೇಲೆ. ಡಿಸ್ಟಿಲ್ಡ್ ವಾಟರಲ್ಲಿ ಪೊಟ್ಯಾಷಿಯಂ ಡೈಕ್ರೋಮೇಟ್ ಕರಗಿಸಿ, ಪಿಎಚ್ ಎರಡಕ್ಕಿಟ್ಟು, ಆಸಿಡಲ್ಲಿ ಹದ ಮಾಡಿದ ಪುಡಿ ಹಾಕಿ ಶೇಕರ್ ಮೇಲೆ ಎರಡು ಗಂಟೆ ಕುಲುಕಿದ್ರೆ ಹಳದಿ ಎಲ್ಲ ಮಾಯ, ಶೇಕಡಾ 95ರ ಮೇಲೆ ತೆಗೆದಿದೆ ಅಂತ ಗ್ರಾಫ್ ಬರ್ತಿತ್ತು, ಗೈಡಿಗೂ ಖುಷಿ ನನಗೂ ಖುಷಿ. ಪೀಣ್ಯದಿಂದ ತಂದ ನೀರು ಹಾಕಿದ ದಿನ ಅದು ಅರ್ಧಕ್ಕೂ ಬರಲಿಲ್ಲ. ಎರಡು ಮೂರು ಸಲ ಮಾಡಿದೆ, ಪುಡಿ ಬದಲಾಯಿಸಿದೆ, ಅಷ್ಟೇ ಬಂತು. ಆಮೇಲೆ ಯೋಚನೆ ಮಾಡಿದಾಗ ಕಾರಣ ಕಾಣಿಸ್ತು, ಬಾತಿನಲ್ಲೇ ಸಲ್ಫ್ಯೂರಿಕ್ ಆಸಿಡ್ ಇರತ್ತೆ, ತೊಳೆಯೋ ನೀರು ಬೋರ್‌ವೆಲ್ ನೀರು, ಅದ್ರಲ್ಲಿ ಕ್ಲೋರೈಡು, ಬೈಕಾರ್ಬನೇಟು, ಜೊತೆಗೆ ರಾಡಿನ ಎಣ್ಣೆ ಜಿಡ್ಡು. ಕ್ರೋಮೇಟ್ ಕೂರಬೇಕಾದ ಸೀಟಲ್ಲಿ ಸಲ್ಫೇಟ್ ಬಂದು ಕೂತಿತ್ತು. ಜೀವಕೋಶಕ್ಕೆ ಯಾವ ಹೋಲಿಕೆಯಿಂದ ಮೋಸ ಆಗತ್ತೋ ಅದೇ ಹೋಲಿಕೆಯಿಂದ ನನ್ನ ಪುಡಿಗೂ ಮೋಸ ಆಗಿತ್ತು. ಆ ಕೊನೇ ಫಲಿತಾಂಶವನ್ನ ರಿಪೋರ್ಟಲ್ಲಿ ಹಿಂದಿನ ಪುಟಗಳಿಗೆ ತಳ್ಳು ಅಂತ ಸಲಹೆ ಬಂತು, ನಾನು ತಳ್ಳಿದೆ. ಇವತ್ತು ಅದರ ಬಗ್ಗೆ ಬೇಜಾರಿದೆ, ಯಾಕಂದ್ರೆ ಆ ಪ್ರಾಜೆಕ್ಟಲ್ಲಿ ಬೇರೆಯವರಿಗೆ ಉಪಯೋಗಕ್ಕೆ ಬರೋ ಹಾಳೆ ಅಂದ್ರೆ ಅದೊಂದೇ ಆಗಿತ್ತು.

ಈ ಕ್ಷೇತ್ರದ ಪೇಪರುಗಳನ್ನ ಓದೋರು ಒಂದು ಸಂಖ್ಯೆಯ ಹಿಂದೆ ಬಿದ್ದಿರ್ತಾರೆ, ಒಂದು ಗ್ರಾಂ ಪುಡಿ ಹೆಚ್ಚಂದ್ರೆ ಎಷ್ಟು ಮಿಲಿಗ್ರಾಂ ಹಿಡಿಯತ್ತೆ ಅನ್ನೋದು. ಇರ್ವಿಂಗ್ ಲ್ಯಾಂಗ್‌ಮ್ಯೂರ್ 1918ರಲ್ಲಿ ಗಾಜು, ಅಭ್ರಕದಂಥ ಮೇಲ್ಮೈಗಳ ಮೇಲೆ ಅನಿಲ ಹೇಗೆ ಅಂಟತ್ತೆ ಅಂತ ವಿವರಿಸೋಕೆ ಕೊಟ್ಟ ಸಮೀಕರಣದಿಂದ ಅದನ್ನ ಲೆಕ್ಕ ಹಾಕ್ತಾರೆ. ಒಬ್ಬರು 80 ಅಂತ ಬರೆದ್ರೆ ಇನ್ನೊಬ್ಬರು 200, ಮತ್ತೊಬ್ಬರು 400. ಆ ಸಂಖ್ಯೆ ಸುಳ್ಳಲ್ಲ, ಆದ್ರೆ ಅದು ನೀರಲ್ಲಿ ವಿಷ ತುಂಬಿ ತುಳುಕ್ತಿರುವಾಗ ಸಿಗೋ ಗರಿಷ್ಠ. ನಮಗೆ ಬೇಕಿರೋದು ನೀರಲ್ಲಿ 0.1 ಮಿಲಿಗ್ರಾಂ ಮಾತ್ರ ಉಳಿಯೋ ಹಂತದಲ್ಲಿ ಎಷ್ಟು ಹಿಡಿಯತ್ತೆ ಅನ್ನೋದು, ಅದು ಗರಿಷ್ಠದ ಹತ್ತನೇ ಒಂದು ಭಾಗ ಇದ್ರೂ ಆಶ್ಚರ್ಯ ಇಲ್ಲ.

ನಾನು ಆ ಯೂನಿಟ್ಟಿನ ಓನರಿಗೆ ರಿಪೋರ್ಟಿನ ಒಂದು ಕಾಪಿ ಕೊಡೋಕೆ ಹೋಗಿದ್ದೆ. ಅವರು ಎಸ್ಸೆಸ್ಸೆಲ್ಸಿ ಓದಿದವರು, ನನ್ನ ಗ್ರಾಫುಗಳನ್ನ ಮರ್ಯಾದೆಗೆ ತಿರುವಿ ಹಾಕಿ ಒಂದೇ ಪ್ರಶ್ನೆ ಕೇಳಿದ್ರು: "ಎಲ್ಲ ಸರಿ ಮೇಡಂ, ಈ ಪುಡಿ ತುಂಬಿದ್ಮೇಲೆ ಎಲ್ಲಿ ಹಾಕ್ಲಿ?" ನನ್ನ ಹತ್ರ ಉತ್ತರ ಇರಲಿಲ್ಲ. ಅಷ್ಟೂ ಪುಟದಲ್ಲಿ ಆ ಬಗ್ಗೆ ಒಂದು ಸಾಲಿರಲಿಲ್ಲ. ಅವತ್ತಿಂದ ಈ ವಿಷಯದ ಯಾವ ಪೇಪರ್ ಓದಿದ್ರೂ ಮೊದಲು ಹುಡುಕೋದು ಅದನ್ನೇ.

ಅವರ ಶೆಡ್ಡಿನ ಅಂದಾಜಿಗೇ ಲೆಕ್ಕ ಮಾಡೋಣ. ದಿನಕ್ಕೆ 5,000 ಲೀಟರ್ ತೊಳೆಯೋ ನೀರು, ಲೀಟರಿಗೆ 50 ಮಿಲಿಗ್ರಾಂ ಹೆಕ್ಸಾವೇಲೆಂಟ್ ಅಂತಿಟ್ಕೊಳ್ಳಿ. ಒಟ್ಟು 250 ಗ್ರಾಂ, ಅಂದ್ರೆ ಬಾತಿನಿಂದ ದಿನಕ್ಕೆ ಎರಡು ಲೀಟರ್ ಸೋರಿದ ಹಾಗೆ. ಪುಡಿಯ ನಿಜವಾದ ಸಾಮರ್ಥ್ಯ ಗ್ರಾಮಿಗೆ 25 ಮಿಲಿಗ್ರಾಂ ಅಂತಾದ್ರೆ ದಿನಕ್ಕೆ 10 ಕೆಜಿ ಪುಡಿ, ತಿಂಗಳಿಗೆ 300 ಕೆಜಿ. ಅದೂ ಒದ್ದೆ ಆಗಿ ಹೊರಗೆ ಬರುವಾಗ ಇನ್ನೂ ಭಾರ. ಅದೇ 250 ಗ್ರಾಂ ಕ್ರೋಮಿಯಮ್ಮನ್ನ ಹಳೇ ವಿಧಾನದಲ್ಲಿ ಹಸಿರು ರೂಪಕ್ಕೆ ಇಳಿಸೋಕೆ ರಸಾಯನಶಾಸ್ತ್ರದ ಪ್ರಕಾರ ಮುಕ್ಕಾಲು ಕೆಜಿಗೂ ಕಮ್ಮಿ ಮೆಟಾಬೈಸಲ್ಫೈಟ್ ಸಾಕು, ಸ್ವಲ್ಪ ಹೆಚ್ಚಿಗೆ ಹಾಕಿದ್ರೂ ಒಂದು ಕೆಜಿ, ಬರೋ ಕ್ರೋಮಿಯಂ ಹೈಡ್ರಾಕ್ಸೈಡ್ ಒಣಗಿದ ಲೆಕ್ಕದಲ್ಲಿ ಅರ್ಧ ಕೆಜಿ. ಸುಣ್ಣ, ನೀರು ಸೇರಿ ಸ್ಲಡ್ಜ್ ಜಾಸ್ತಿ ಆಗತ್ತೆ ನಿಜ, ಆದ್ರೂ ಪುಡಿಯ ಗುಡ್ಡೆಗೆ ಹೋಲಿಸೋ ಹಾಗಿಲ್ಲ. ಹಾಗಾಗಿ ಪ್ಲೇಟಿಂಗ್ ಶಾಪಿನ ಅಷ್ಟೂ ಹಳದಿ ನೀರನ್ನ ಅಡಿಕೆ ಸಿಪ್ಪೆಯಲ್ಲೋ ಕರಟದ ಇದ್ದಿಲಲ್ಲೋ ತೊಳೆದುಬಿಡ್ತೀವಿ ಅನ್ನೋ ಮಾತನ್ನ ನಾನು ನಂಬಲ್ಲ, ಪತ್ರಿಕೆಗಳಲ್ಲಿ ಅಂಥ ಹೆಡ್ಡಿಂಗ್ ಬಂದಾಗೆಲ್ಲ ನನಗೆ ಆ 300 ಕೆಜಿ ಕಣ್ಣಮುಂದೆ ಬರತ್ತೆ.

ಆ ತುಂಬಿದ ಪುಡಿ ಕಾನೂನಿನ ಕಣ್ಣಲ್ಲೂ ಅಪಾಯಕಾರಿ ತ್ಯಾಜ್ಯವೇ, 2016ರ ನಿಯಮಗಳ ಪ್ರಕಾರ ಲೆಕ್ಕ ಇಟ್ಟು ಅನುಮತಿ ಇರೋ ಜಾಗಕ್ಕೇ ಕಳಿಸಬೇಕು. ಒಣಗಿದ ಹೊಟ್ಟು ತಾನೇ, ಬಾಯ್ಲರಿಗೋ ಇಟ್ಟಿಗೆ ಗೂಡಿಗೋ ಹಾಕಿ ಸುಟ್ರಾಯ್ತು ಅನ್ನೋದು ಯಾರಿಗಾದ್ರೂ ಹೊಳೆಯೋ ಉಪಾಯ. ಇದು ಭಾರಿ ಅಪಾಯ, ಯಾಕೆ ಅಂತ ಬಿಡಿಸಿ ಹೇಳ್ಬೇಕು. ಪುಡಿಯ ಮೇಲೆ ಕ್ರೋಮಿಯಂ ಬಹುಪಾಲು ಹಸಿರು ರೂಪಕ್ಕೆ ತಿರುಗಿ ಕೂತಿರತ್ತೆ. ಸುಣ್ಣದ ಅಂಶ ಅಥವಾ ಸೋಡಾ ಜೊತೆ ಗಾಳಿಯಲ್ಲಿ ಜೋರು ಬಿಸಿ ಕೊಟ್ರೆ ಅದು ಮತ್ತೆ ಹಳದಿ ರೂಪಕ್ಕೆ ಹೋಗಬಹುದು. ಪ್ರಪಂಚದಲ್ಲಿ ಕ್ರೋಮೇಟ್ ತಯಾರಾಗೋದೇ ಹಾಗೆ, ಅದಿರನ್ನ ಸೋಡಾ ಬೂದಿ, ಸುಣ್ಣ ಸೇರಿಸಿ ಹುರಿದು. ಪಕ್ಕದ ತಮಿಳುನಾಡಿನ ರಾಣಿಪೇಟೆಯಲ್ಲಿ ಕ್ರೋಮೇಟ್ ಮಾಡ್ತಿದ್ದ ಕಾರ್ಖಾನೆ 1990ರ ದಶಕದಲ್ಲಿ ಮುಚ್ಚಿಹೋಯ್ತು, ಹುರಿದು ಉಳಿದ ಒಂದೂವರೆ ಲಕ್ಷ ಟನ್ನಿಗೂ ಹೆಚ್ಚು ಗಸಿ ಅಲ್ಲೇ ಬಯಲಲ್ಲಿ ಗುಡ್ಡೆ ಆಗಿ ಉಳೀತು, ಮಳೆ ಬಂದಾಗೆಲ್ಲ ಅದರಿಂದ ಹಳದಿ ನೀರು ಇಳಿದು ಸುತ್ತಲಿನ ಬಾವಿ, ಹೊಲ ಹಾಳಾದವು. ಸಿಮೆಂಟ್ ಗೂಡಿಗೆ ಕೊಟ್ರೆ ಸರಿ ಅನ್ನೋರಿದ್ದಾರೆ, ಅಲ್ಲೂ ಇದೇ ರಸಾಯನಶಾಸ್ತ್ರ, ಸುಣ್ಣ ಮತ್ತು ಬಿಸಿ. ಗಾರೆ ಕೆಲಸದವರ ಕೈ ಬಿರಿಯೋದಕ್ಕೆ ಸಿಮೆಂಟಿನ ಕ್ರೋಮಿಯಂ ಒಂದು ಕಾರಣ ಅಂತ ಗೊತ್ತಾದ್ಮೇಲೇ ಯುರೋಪ್ 2005ರಿಂದ ಸಿಮೆಂಟಲ್ಲಿ ಕರಗೋ ಹೆಕ್ಸಾವೇಲೆಂಟಿಗೆ ಹತ್ತು ಲಕ್ಷಕ್ಕೆ ಎರಡು ಭಾಗ ಅನ್ನೋ ಮಿತಿ ಹಾಕಿದ್ದು.

ಹಂಗಾದ್ರೆ ಈ ವಸ್ತುಗಳಿಂದ ಪ್ರಯೋಜನವೇ ಇಲ್ವಾ ಅಂದ್ರೆ, ಇದೆ, ಬಹಳ ಇದೆ. ಪಶ್ಚಿಮ ಬಂಗಾಳದ ಆರ್ಸೆನಿಕ್ ಕಥೆ ನೋಡಿ. 1997ರಿಂದ ಶಿಬ್‌ಪುರದ ಬೆಂಗಾಲ್ ಎಂಜಿನಿಯರಿಂಗ್ ಕಾಲೇಜು ಮತ್ತು ಅಮೆರಿಕದ ಲೀಹೈ ವಿಶ್ವವಿದ್ಯಾಲಯದ ಅರೂಪ್ ಸೇನ್‌ಗುಪ್ತ ಅವರ ತಂಡ ಸೇರಿ ಹಳ್ಳಿಯ ಕೈಪಂಪುಗಳಿಗೇ ಆಕ್ಟಿವೇಟೆಡ್ ಅಲ್ಯೂಮಿನಾ ತುಂಬಿದ ಕಾಲಮ್ಮುಗಳನ್ನ, ಅಂದ್ರೆ ನೀರು ಹಾದುಹೋಗೋ ಉದ್ದನೆ ಕೊಳವೆಗಳನ್ನ, ಜೋಡಿಸ್ತು, ಮುಂದೆ ಕಬ್ಬಿಣದ ಆಕ್ಸೈಡ್ ಕೂರಿಸಿದ ರೆಸಿನ್ನನ್ನೂ ಬಳಸ್ತು. ನನಗೆ ಇದರಲ್ಲಿ ಇಷ್ಟ ಆಗೋದು ವಸ್ತುವಿನ ಹೆಚ್ಚುಗಾರಿಕೆ ಅಲ್ಲ. ಕಾಲಂ ತುಂಬಿದ್ಮೇಲೆ ಒಳಗಿನ ಆ ವಸ್ತುವನ್ನ ಒಂದು ಕಡೆ ತಂದು ಕಾಸ್ಟಿಕ್ಕಲ್ಲಿ ತೊಳೆದು ವಾಪಸ್ ಬಳಸಿದ್ರು, ತೊಳೆದಾಗ ಬಂದ ಆರ್ಸೆನಿಕ್ ಗಸಿಯನ್ನ ಗಾಳಿ ಆಡೋ ಮರಳಿನ ಹಾಸಿನ ಮೇಲೆ ಇಟ್ರು, ಗಾಳಿ ಇದ್ದಾಗ ಕಬ್ಬಿಣ ಅದನ್ನ ಬಿಟ್ಟುಕೊಡಲ್ಲ ಅಂತ ಯೋಚಿಸಿ. ಇದನ್ನ ನೋಡ್ಕೊಳ್ಳೋಕೆ ಊರಿನ ಜನರದ್ದೇ ಕಮಿಟಿ, ಮನೆಗಿಷ್ಟು ಅಂತ ದುಡ್ಡು. ಪುಡಿ ಎಲ್ಲಿಗೆ ಹೋಗತ್ತೆ ಅನ್ನೋ ಪ್ರಶ್ನೆಯಿಂದಲೇ ಇಡೀ ವ್ಯವಸ್ಥೆ ಕಟ್ಟಿದ್ದು. ಮದ್ರಾಸ್ ಐಐಟಿಯ ಟಿ. ಪ್ರದೀಪ್ ಅವರ ತಂಡದ್ದು ಇನ್ನೊಂದು, ಕೈಟೋಸಾನ್ ಜೊತೆ ಕಬ್ಬಿಣದ ನ್ಯಾನೊ ಕಣಗಳನ್ನ ಬೆಸೆದು ಮರಳಿನ ಹಾಗೆ ಗಟ್ಟಿ ಕಾಳು ಮಾಡಿದ್ದು, ಇಂಥ ಕಾಳು ಮಾಡೋ ವಿಧಾನದ ಪೇಪರ್ 2013ರಲ್ಲಿ ಬಂತು, ಈ ಕಬ್ಬಿಣದ ಕಾಳು ಅಮೃತ್ ಅನ್ನೋ ಹೆಸರಲ್ಲಿ ಹಳ್ಳಿಗಳಿಗೂ ಹೋಯ್ತು. ನ್ಯಾನೊ ಪುಡಿಯನ್ನ ಪುಡಿಯಾಗೇ ಬಿಡದೆ ಕಾಳು ಮಾಡಿದ್ದು ದೊಡ್ಡ ವಿಷಯ, ಇಲ್ಲಾಂದ್ರೆ ವಿಷ ತೆಗೆಯೋಕೆ ಹಾಕಿದ್ದೇ ನೀರಿನ ಜೊತೆ ಹರ್ಕೊಂಡು ಹೋಗತ್ತೆ.

ಕ್ರೋಮಿಯಮ್ಮಿಗೇ ಸಂಬಂಧಪಟ್ಟ ಉದಾಹರಣೆ ಬೇಕಂದ್ರೆ ಅಮೆರಿಕದ ನಾರ್ತ್ ಕೆರೊಲಿನಾದ ಎಲಿಜಬೆತ್ ಸಿಟಿ. ಅಲ್ಲಿ ಕೋಸ್ಟ್ ಗಾರ್ಡಿನವರ ಪ್ಲೇಟಿಂಗ್ ಶಾಪ್ 30 ವರ್ಷಕ್ಕೂ ಹೆಚ್ಚು ಕಾಲ ನಡೆದಿತ್ತು, ನೆಲದಡಿ ಕ್ರೋಮೇಟ್ ಇಳಿದು ಪಕ್ಕದ ನದಿ ಕಡೆ ಸಾಗ್ತಿತ್ತು. 1996ರಲ್ಲಿ ನೀರು ಹರಿಯೋ ದಾರಿಗೆ ಅಡ್ಡಲಾಗಿ 46 ಮೀಟರ್ ಉದ್ದ, 7.3 ಮೀಟರ್ ಆಳ, 0.6 ಮೀಟರ್ ದಪ್ಪದ ಕಂದಕ ತೋಡಿ ಅದಕ್ಕೆ ಕಬ್ಬಿಣದ ಚೂರು ತುಂಬಿದ್ರು. ಅಂತರ್ಜಲ ತನ್ನ ಪಾಡಿಗೆ ಅದರೊಳಗೆ ಹಾದುಹೋಗತ್ತೆ, ಕಬ್ಬಿಣ ತುಕ್ಕು ಹಿಡೀತಾ ಕ್ರೋಮೇಟನ್ನ ಹಸಿರು ರೂಪಕ್ಕೆ ಇಳಿಸಿ ಅಲ್ಲೇ ಕಟ್ಟಿಹಾಕತ್ತೆ. ಪಂಪಿಲ್ಲ, ಕರೆಂಟಿಲ್ಲ. 15 ವರ್ಷ ಆದ್ಮೇಲೆ ಪರೀಕ್ಷೆ ಮಾಡಿದಾಗಲೂ ಆ ಗೋಡೆ ಕ್ರೋಮೇಟನ್ನ ತಡೀತಾನೇ ಇತ್ತು.

ಇದನ್ನೇ ಪೀಣ್ಯಕ್ಕೂ ಮಾಡಿ ಅನ್ನೋ ಮಾತು ಆಗಾಗ ಕೇಳಿಬರತ್ತೆ, ಅಷ್ಟು ಸುಲಭ ಅಲ್ಲ. ಎಲಿಜಬೆತ್ ಸಿಟಿಯದ್ದು ಮರಳು ನೆಲ, ನೀರು ಮೇಲ್ಮಟ್ಟದಲ್ಲೇ ಒಂದು ದಿಕ್ಕಿಗೆ ಹರಿಯತ್ತೆ. ಬೆಂಗಳೂರಿನ ಅಡಿ ಇರೋದು ಗಟ್ಟಿ ನೈಸ್ ಬಂಡೆ. ಮೇಲೆ ಒಂದಷ್ಟು ಕೊಳೆತ ಕಲ್ಲಿನ ಪದರ, ಅದರ ಕೆಳಗೆ ಬಿರುಕುಗಳಲ್ಲಿ ಮಾತ್ರ ನೀರು, ಯಾವ ಬಿರುಕು ಎಲ್ಲಿಗೆ ಕೂಡತ್ತೆ ಅಂತ ಮೇಲಿಂದ ಹೇಳೋಕಾಗಲ್ಲ, ಬೋರ್ ಕೊರೆಸಿದವರಿಗೆ ಗೊತ್ತು, ಈ ಸೈಟಲ್ಲಿ 300 ಅಡಿಗೆ ನೀರು, ಪಕ್ಕದ ಸೈಟಲ್ಲಿ 1,000 ಅಡಿಗೂ ಧೂಳು. ಅಲ್ಲಿ ಗೋಡೆ ಕಟ್ಟೋದು ಎಲ್ಲಿ? ಕಬ್ಬಿಣದ ಸಣ್ಣ ಕಣಗಳನ್ನೋ ಬೆಲ್ಲದ ಕಾಕಂಬಿಯನ್ನೋ ಬೋರಿನೊಳಗೆ ಇಳಿಸಿ ಒಳಗೇ ಕ್ರೋಮೇಟ್ ತಿರುಗಿಸೋ ದಾರಿ ಇದೆ, ಬೇರೆ ದೇಶಗಳಲ್ಲಿ ಮಾಡಿದ್ದಾರೆ, ಬಂಡೆಯಲ್ಲಿ ಅದು ಯಾವ ಬಿರುಕಿಗೆ ತಲುಪತ್ತೆ ಯಾವುದಕ್ಕೆ ತಲುಪಲ್ಲ ಅನ್ನೋದನ್ನ ಜಾಗದಲ್ಲೇ ಪರೀಕ್ಷೆ ಮಾಡಿ ನೋಡ್ಬೇಕು. ಕೆಳಗಿಳಿದ ವಿಷಕ್ಕೆ ನಮ್ಮಲ್ಲಿ ಸದ್ಯಕ್ಕೆ ಮಾಡಬಹುದಾದ್ದು ಅಂದ್ರೆ ಕೆಟ್ಟ ಬೋರಿನ ನೀರನ್ನ ಮೇಲೆತ್ತಿ ಶುದ್ಧ ಮಾಡಿ ಬಳಸೋದು, ಅಲ್ಲಿ ಈ ವಸ್ತುಗಳಿಗೆ ಖಂಡಿತ ಜಾಗ ಇದೆ, ಯಾಕಂದ್ರೆ ಅಂಥ ನೀರಲ್ಲಿ ಕ್ರೋಮಿಯಂ ಕಮ್ಮಿ ಪ್ರಮಾಣದಲ್ಲಿರತ್ತೆ.

ಇನ್ನೊಂದು ಜಾಗ ಅಂದ್ರೆ ಇಟಿಪಿಯ, ಅಂದ್ರೆ ಫ್ಯಾಕ್ಟರಿಯ ಕೊಳೆನೀರು ಶುದ್ಧ ಮಾಡೋ ಘಟಕದ, ಕೊನೇ ಮೆಟ್ಟಿಲು. ಹಳೇ ವಿಧಾನದಲ್ಲಿ ಮುಕ್ಕಾಲು ಮೂರುವೀಸ ಪಾಲು ವಿಷ ಇಳಿಸಿ, ತಪ್ಪಿ ಉಳಿದದ್ದನ್ನ ಹಿಡಿಯೋಕೆ ಕೊನೇಲಿ ಒಂದು ಕಾಲಂ. ಅದೇ ಶೆಡ್ಡಿನ 5,000 ಲೀಟರಲ್ಲಿ ಲೀಟರಿಗೆ 1 ಮಿಲಿಗ್ರಾಂ ಉಳಿದಿದೆ ಅಂದ್ರೆ ದಿನಕ್ಕೆ 5 ಗ್ರಾಂ. ಪುಡಿ ಗ್ರಾಮಿಗೆ ಬರೀ 10 ಮಿಲಿಗ್ರಾಂ ಹಿಡಿದ್ರೂ ದಿನಕ್ಕೆ ಅರ್ಧ ಕೆಜಿ, ತಿಂಗಳಿಗೆ 15 ಕೆಜಿ ಸಾಕು. 300 ಎಲ್ಲಿ, 15 ಎಲ್ಲಿ. ಆದ್ರೆ ಈ ಮೆಟ್ಟಿಲಿಗೆ ಬೇಕಾದ ಪುಡಿಯೇ ಬೇರೆ. ಇಲ್ಲಿ ನೀರಿನ ಪಿಎಚ್ ಏಳೆಂಟು ಇರತ್ತೆ, ಹಿಂದೆ ಸುರಿದ ಆಸಿಡು, ಮೆಟಾಬೈಸಲ್ಫೈಟಿನಿಂದ ಸಲ್ಫೇಟ್ ಕ್ರೋಮೇಟಿಗಿಂತ ನೂರಾರು ಪಟ್ಟು ಹೆಚ್ಚಿರತ್ತೆ. ಪಿಎಚ್ ಎರಡರಲ್ಲಿ ಡಿಸ್ಟಿಲ್ಡ್ ವಾಟರಲ್ಲಿ 400 ತೋರಿಸಿದ ವಸ್ತು ಇಲ್ಲಿ ಸೊನ್ನೆ ಆಗಬಹುದು, ಅಲ್ಲಿ 60 ತೋರಿಸಿದ ಯಾವುದೋ ಸಾಧಾರಣ ಕಬ್ಬಿಣದ ಇದ್ದಿಲು ಇಲ್ಲಿ ಗೆಲ್ಲಬಹುದು. ಯಾರಾದ್ರೂ ಹುಡುಗ್ರು ಹುಡುಗೀರು ಈ ವರ್ಷ ಇದೇ ವಿಷಯದಲ್ಲಿ ಪ್ರಾಜೆಕ್ಟ್ ಮಾಡ್ತಿದ್ರೆ ದಯವಿಟ್ಟು ಶುರುವಿಗೇ ಒಂದು ಕ್ಯಾನ್ ನಿಜವಾದ ನೀರು ತಂದಿಟ್ಕೊಳ್ಳಿ, ಫ್ಲಾಸ್ಕಲ್ಲಿ ಕುಲುಕೋದ್ರ ಜೊತೆ ಕಾಲಮ್ಮಲ್ಲಿ ಹರಿಸಿ ನೋಡಿ, ಕಾಸ್ಟಿಕ್ಕಲ್ಲಿ ತೊಳೆದು ಐದಾರು ಸಲ ಮತ್ತೆ ಬಳಸಿ ನೋಡಿ, ತುಂಬಿದ ಪುಡಿಯನ್ನ ನೀರಲ್ಲಿ ನೆನೆಸಿದ್ರೆ ಎಷ್ಟು ವಾಪಸ್ ಬಿಡತ್ತೆ ಅನ್ನೋದನ್ನೂ ಬರೀರಿ.

ಇದೆಲ್ಲಕ್ಕಿಂತ ಮೊದಲು ಮಾಡಬಹುದಾದ ಅಗ್ಗದ ಕೆಲಸ ತೊಟ್ಟಿಯ ಹತ್ರಾನೇ ಇದೆ, ಅದಕ್ಕೆ ಯಾವ ನ್ಯಾನೊ ಬೇಡ. ರಾಡನ್ನ ಬಾತಿನ ಮೇಲೇ ಇನ್ನೊಂದಷ್ಟು ಸೆಕೆಂಡ್ ಹಿಡಿದು ಸೋರಿಸೋದು. ಆಮೇಲೆ ಒಂದರ ಬದಲು ಎರಡು ಮೂರು ತೊಟ್ಟಿ ಸಾಲಾಗಿಟ್ಟು, ಹೊಸ ನೀರನ್ನ ಕೊನೇ ತೊಟ್ಟಿಗೆ ಬಿಟ್ಟು ಹಿಮ್ಮುಖವಾಗಿ ಮೊದಲನೇದಕ್ಕೆ ಬರೋ ಹಾಗೆ ಮಾಡೋದು. ಸೋರಿದ ಒಂದು ಲೀಟರನ್ನ ಸಾವಿರ ಪಟ್ಟು ತೆಳ್ಳಗೆ ಮಾಡೋಕೆ ಒಂದೇ ತೊಟ್ಟಿ ಇದ್ರೆ ಸಾವಿರ ಲೀಟರ್ ನೀರು ಬೇಕು, ಎರಡು ತೊಟ್ಟಿ ಇದ್ರೆ ಮೂವತ್ತೆರಡು, ಮೂರು ಇದ್ರೆ ಹತ್ತೇ ಲೀಟರ್. ಆ ಹತ್ತು ಲೀಟರ್ ಎಷ್ಟು ಗಟ್ಟಿ ಇರತ್ತೆ ಅಂದ್ರೆ ಬಿಸಿ ಬಾತಿನಿಂದ ಆವಿ ಆಗಿ ಹೋದ ನೀರಿನ ಜಾಗಕ್ಕೆ ಅದನ್ನೇ ವಾಪಸ್ ಸುರೀಬಹುದು, ದುಡ್ಡು ಕೊಟ್ಟು ತಂದ ಕ್ರೋಮಿಕ್ ಆಸಿಡ್ ಉಳಿಯತ್ತೆ. ನಾನು ಹೋಗಿದ್ದ ಶೆಡ್ಡಲ್ಲಿ ಒಂದೇ ತೊಟ್ಟಿ ಇತ್ತು. ಯಾಕೆ ಅಂತ ಕೇಳಿದ್ದಕ್ಕೆ ಓನರ್ ನೆಲ ತೋರಿಸಿದ್ರು, ಬಾಡಿಗೆ ಶೆಡ್ಡು, ಇನ್ನೊಂದು ತೊಟ್ಟಿ ಇಡೋಕೆ ಅಡಿ ಜಾಗ ಇಲ್ಲ, ಜಾಬ್ ವರ್ಕ್ ಕೊಡೋ ದೊಡ್ಡ ಕಂಪನಿ ಪೀಸಿಗಿಷ್ಟು ಅಂತ ರೇಟ್ ಇಳಿಸ್ತಾನೇ ಇದೆ. ಪ್ಲೇಟಿಂಗ್ ಮಾಡಿಸ್ಕೊಳ್ಳೋ ದೊಡ್ಡವರ ರೇಟಿನಲ್ಲಿ ಈ ನೀರಿನ ಖರ್ಚು ಸೇರಿರಬೇಕು ಅನ್ನೋದನ್ನ ಯಾರೂ ಜೋರಾಗಿ ಹೇಳ್ತಿಲ್ಲ, ಎಲ್ಲ ನೋಟಿಸೂ ಬರೋದು ಆ ಬಾಡಿಗೆ ಶೆಡ್ಡಿಗೇ.

ಕೊನೇ ಮೆಟ್ಟಿಲಿನ ಕಾಲಮ್ಮಿಗೆ ನನ್ನ ತಲೆಯಲ್ಲಿರೋ ವ್ಯವಸ್ಥೆ 20 ಲೀಟರಿನ ನೀರಿನ ಕ್ಯಾನಿನದ್ದು. ಖಾಲಿ ಕ್ಯಾನ್ ಕೊಟ್ಟು ತುಂಬಿದ್ದು ತಗೊಳ್ತೀವಲ್ಲ, ಅದರ ಉಲ್ಟಾ. ಪ್ರತಿ ಶೆಡ್ಡಲ್ಲೂ ಒಂದು ಸಣ್ಣ ಸೀಲ್ ಮಾಡಿದ ಕ್ಯಾನಿಸ್ಟರ್, ಶೆಡ್ಡಿನವರು ಅದನ್ನ ತೆರೆಯೋ ಹಾಗೇ ಇಲ್ಲ, ತಿಂಗಳಿಗೊಂದು ಸಲ ಗಾಡಿ ಬಂದು ತುಂಬಿದ್ದನ್ನ ತಗೊಂಡು ಹೊಸದು ಇಟ್ಟು ಹೋಗತ್ತೆ, ಒಂದು ಕಡೆ ಎಲ್ಲವನ್ನೂ ತೊಳೆದು ಗಟ್ಟಿ ಕ್ರೋಮೇಟ್ ದ್ರಾವಣ ಬೇರೆ ಮಾಡಿ, ಅದನ್ನ ಅಲ್ಲೇ ಜವಾಬ್ದಾರಿ ಇರೋರು ಹಸಿರು ರೂಪಕ್ಕೆ ಇಳಿಸಿ, ಬಂದ ಸ್ಲಡ್ಜನ್ನ ದಾಬಸ್‌ಪೇಟೆಗೆ ಕಳಿಸ್ತಾರೆ. ರೆಸಿನ್ ಕ್ಯಾನಿಸ್ಟರುಗಳನ್ನ ಹೀಗೆ ಬದಲಾಯಿಸಿ ಕೊಡೋ ವ್ಯವಹಾರ ಬೇರೆ ದೇಶಗಳಲ್ಲಿ ಹಳೇದು. ನಮ್ಮಲ್ಲಿ ಇದರಿಂದ ಇನ್ನೊಂದು ಲಾಭ ಇದೆ. ಯಾವ ಶೆಡ್ಡಿನ ಕ್ಯಾನಿಸ್ಟರಲ್ಲಿ ಎಷ್ಟು ಕ್ರೋಮಿಯಂ ಬಂತು ಅನ್ನೋದು ತೊಳೆಯೋ ಜಾಗದಲ್ಲೇ ಅಳತೆ ಆಗತ್ತೆ. ಜಾಸ್ತಿ ಬಂದ್ರೆ ಅಲ್ಲಿ ಮೆಟಾಬೈಸಲ್ಫೈಟ್ ಸರಿಯಾಗಿ ಬೀಳ್ತಿಲ್ಲ, ಸೊನ್ನೆ ಬಂದ್ರೆ ನೀರು ಬಹುಶಃ ಕಾಲಮ್ಮಿಗೆ ಹೋಗ್ತಾನೇ ಇಲ್ಲ, ಸೀದಾ ಮೋರಿಗೆ. ಪೊಲ್ಯೂಷನ್ ಬೋರ್ಡಿನವರು ವರ್ಷಕ್ಕೆ ಒಂದೆರಡು ಸಲ ಬಾಟಲಿ ಹಿಡ್ಕೊಂಡು ಬಂದು ನೋಡೋದ್ರಲ್ಲಿ ಸಿಗದಿರೋ ಮಾಹಿತಿ ಆ ಗಾಡಿಯ ಲೆಡ್ಜರಲ್ಲಿ ಪ್ರತಿ ತಿಂಗಳು ಸಿಗತ್ತೆ, ಆ ಓನರ್ ಕೇಳಿದ ಪ್ರಶ್ನೆಗೂ ಒಂದು ವಿಳಾಸ ಇರತ್ತೆ.